ಪಕ್ಕದ ಕೋಣೆಯಿಂದ ಅಮ್ಮನಿಗೆ ಒಂದು ಕಾಲ್

ಕೇಳಿ ಮಾರಾಯ್ರೆ, ಇವತ್ತು ನಾನು ಪಕ್ಕದ ಕೋಣೆಯಿಂದ ನನ್ನ ಅಮ್ಮನಿಗೇ ಫೋನ್ ಮಾಡಿದೆ. ಕಾಲೇಜಿಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ ಅಂತ ಹೇಳಲಿಕ್ಕೆಂದೇ ನಿನ್ನೆ ಪುತ್ತೂರಿನ ಹಾಸ್ಟೆಲಿಂದ ಬೆಳ್ಳಾರೆಯ ಮನೆಗೆ ಬಂದದ್ದು. ಅಮ್ಮನಿಗೆ ವರ್ಕ್ ಫ್ರಂ ಹೋಮ್. ನಾನು ಬಾಗಿಲು ತೆರೆದಾಗೆಲ್ಲ ಸ್ಕ್ರೀನನ್ನೇ ನೋಡ್ತಾ ಕೈ ಎತ್ತಿ 'ಆಮೇಲೆ' ಅಂತ ಸನ್ನೆ. ಹಾಸ್ಟೆಲಿಂದ ಮಾಡಿದರೆ ಮೀಟಿಂಗ್ ಇದ್ದರೂ ಎತ್ತುವವಳಲ್ವಾ ಅಂತ ಕಾಲ್ ಮಾಡಿದೆ. ಎತ್ತಿದಳು.

"ಎಂತ ಮಗಾ, ಹಾಸ್ಟೆಲಲ್ಲಿ ಊಟ ಆಯ್ತಾ?"

"ಅಮ್ಮಾ, ನಾನು ಮನೆಯಲ್ಲೇ ಇದ್ದೇನೆ."

"ತಮಾಷೆಯಾ ನಿಂಗೆ? ಮೀಟಿಂಗ್ ಉಂಟು!" ಕಟ್.

ಮತ್ತೆ ಗೋಡೆಯಾಚೆಯಿಂದ ಅವಳದೇ ಸ್ವರ, ಆಫೀಸಿನ ಹೊಸ ಹುಡುಗಿಗೆ: "ಟೆನ್ಶನ್ ಮಾಡ್ಬೇಡಮ್ಮಾ. ಹೆದರಿಕೆ ಆದ್ರೆ ಯಾವಾಗ ಬೇಕಾದ್ರೂ ನಂಗೆ ಕಾಲ್ ಮಾಡು."

ಆ ಆಫೀಸಿಗೆ ನನ್ನಂಥ ಫಸ್ಟ್ ಇಯರ್‌ನವರನ್ನು ಕೆಲಸಕ್ಕೆ ತೆಗೊಳ್ತಾರಾ, ಯಾರಿಗಾದ್ರೂ ಗೊತ್ತುಂಟಾ?