ಗೋಡೆಯ ಪೊಳ್ಳು ಸದ್ದು

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಶಹಾಬಾದಿನಲ್ಲಿ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸ ಕಲಿತವನು ನಾನು. ನಮ್ಮ ಸೀಮೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಪರದೇಶದಲ್ಲಿದ್ದ ನಮ್ಮ ದೇಶದ ರಾಯಭಾರ ಕಚೇರಿಯೊಂದಕ್ಕೆ ನೆಲ ಹಾಸಲು ಅಲ್ಲಿ ಅಧಿಕಾರಿಯಾಗಿದ್ದ ಚಿತ್ತಾಪುರದ ಸಾಹೇಬರು ನನ್ನನ್ನು ಕರೆಸಿಕೊಂಡರು. ಆ ದೇಶದ ಕೆಲಸಗಾರರಾದರೆ ಮಾತು ಕದ್ದು ಕೇಳುವ ಯಂತ್ರ ಹುದುಗಿಸಿಟ್ಟಾರೆಂಬ ಭಯ ಅವರಿಗೆ.

ಅಂಚಿನ ಕಲ್ಲು ಕೂರಿಸುವಾಗ ಸುತ್ತಿಗೆಯ ಹಿಡಿ ತಾಗಿ ಗೋಡೆ ಒಂದು ಕಡೆ ಪೊಳ್ಳು ಸದ್ದು ಮಾಡಿತು. ಸಾಹೇಬರಿಗೆ ನಾನೇ ಹೇಳಿದೆ. ಒಡೆದಾಗ ಒಳಗೆ ಯಂತ್ರ ಸಿಕ್ಕಿತು.

"ಇಲ್ಲೇ ಅದ ಅಂತ ನಿನಗ ಹ್ಯಾಂಗ ಗೊತ್ತಾಯ್ತೋ?" ಎಂದರು ಸಾಹೇಬರು.

"ಸದ್ದಿನಾಗೇ ಗೊತ್ತಾಗ್ತದ್ರಿ. ಸಣ್ಣಂವ ಇದ್ದಾಗಿಂದ ಇದೇ ಕೆಲಸ ಮಾಡಾಕತ್ತೀನಿ."

"ಈ ಗೋಡಿ ತಪಾಸ್ ಮಾಡಿದ ಇಂಜಿನಿಯರಗ ತಿಳೀಲಾರದ್ದು ನಿನಗ ತಿಳೀತು? ಭಾಳ ಶಾಣ್ಯಾ ಇದ್ದಿ ಬಿಡು!"

ಮರುದಿನವೇ ನನ್ನ ಪೆಟ್ಟಿಗೆ ಜಾಲಾಡಿ, ನನ್ನನ್ನು ಊರಿಗೆ ವಾಪಸು ಹಡಗು ಹತ್ತಿಸಿದರು. ನೆಲ ಅರ್ಧಕ್ಕೇ ಉಳಿಯಿತು. ವಾಡಿಯಲ್ಲಿ ರೈಲು ಇಳಿದಾಗ, ವಾರಕ್ಕೊಮ್ಮೆ ಠಾಣೆಗೆ ಹಾಜರಾಗಬೇಕೆಂದು ಪೊಲೀಸನೊಬ್ಬ ಹೇಳಿದ. ಯಾಕೆಂದು ಅವನಿಗೂ ತಿಳಿದಿರಲಿಲ್ಲ.