ಶುಕ್ರವಾರದ ಚಲನ್

ಬೆಳಗಿನ ಐದೂವರೆ. ಹಳೇ ಬಾಗಲಕೋಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹದಂಗಡಿಯವನೂ ಇನ್ನೂ ಒಲೆ ಹೊತ್ತಿಸಿಲ್ಲ. ಒಂದೇ ಒಂದು ಶಟರ್ ಅರ್ಧ ಎದ್ದಿದೆ. ಅದರಡಿ ಬಗ್ಗಿ ಒಳಹೊಕ್ಕರೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಬಾದಾಮಿ ಬನಶಂಕರಿಯ ಫೋಟೊ. ಅದರ ಪಕ್ಕದಲ್ಲೇ ಮಾಲೆ ಹಾಕಿದ ಇನ್ನೊಂದು ಫೋಟೊ. ರತ್ನಾಬಾಯಿ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಯಾರದೋ ಪ್ಯಾನ್ ಕಾರ್ಡನ್ನು ಬೆಳಕಿಗೆ ಹಿಡಿದು, ಅದರ ಹತ್ತು ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಮುಂದಿನಿಂದ ಹಿಂದಕ್ಕೆ. ಎರಡೂ ಹೊಂದಿದ ಮೇಲೆಯೇ ಬೆರಳು ಕೀಲಿಮಣೆಗೆ ಹೋಗುತ್ತದೆ.

“ಈ ಹೊತ್ತಿನ್ಯಾಗ ವೆಬ್‌ಸೈಟು ಬಡ ಆಕಳಿನಂಗ ಇರತೈತ್ರಿ, ಕರದ್ರ ಬರತೈತಿ,” ಎನ್ನುತ್ತಾರೆ. “ಹತ್ತು ಗಂಟಿ ಆತಂದ್ರ ಒದ್ಯಾಕ ಸುರು ಮಾಡತೈತಿ.”

ಐವತ್ತರ ಹತ್ತಿರದ ಈ ಹೆಂಗಸಿನ ಕೆಲಸವೆಂದರೆ ಊರವರಿಂದ ಆದಾಯ ತೆರಿಗೆ ಕಟ್ಟಿಸುವುದು. ಲೆಕ್ಕ ಮಾಡುವವರು ಬೇರೆ. ಅವರಿಗೆ ಗಾಜಿನ ಬಾಗಿಲು, ಹೆಸರಿನ ಮುಂದೆ ಪದವಿ, ಗೋಡೆಗೆ ಏಸಿ. ‘ಇಷ್ಟು ಬಾಕಿ ಇದೆ, ಕಟ್ಟಿಬಿಡಿ’ ಎಂದು ಅವರು ಚೀಟಿ ಬರೆದು ಕೈತೊಳೆದುಕೊಳ್ಳುತ್ತಾರೆ. ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ತಿಳಿಯದ ನಿವೃತ್ತ ಮಾಸ್ತರರು, ಸೀರೆ ಅಂಗಡಿಯವರು, ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರಿಗಳು ಆ ಚೀಟಿ ಹಿಡಿದು ಈ ಶಟರಿನಡಿ ತಲೆ ಬಗ್ಗಿಸುತ್ತಾರೆ.

“ದಾರಿ ಭಾಳ ಅದಾವ್ರಿ,” ಎಂದು ರತ್ನಾಬಾಯಿ ಬೆರಳು ಮಡಚುತ್ತಾರೆ. “ಹತ್ತ ಸಾವಿರದೊಳಗ ಇದ್ರ ಚಲನ್ ತಗದು, ಬ್ಯಾಂಕಿನ ಕೌಂಟರಿನ್ಯಾಗ ರೊಕ್ಕ ಎಣಿಸಿ ಕೊಡಬಹುದು. ಮ್ಯಾಲಿದ್ರ ಚೆಕ್ಕು, ಇಲ್ಲಾ ಡಿಡಿ. ಚೆಕ್ ಬುಕ್ ಇಲ್ದಾವ್ರಿಗೆ ಬ್ಯಾರೆ ಫಾರ್ಮ್ ಐತಿ, ಸಹಿ ಮಾಡಿ ತಮ್ಮ ಬ್ಯಾಂಕಿಗೆ ಕೊಟ್ರ ಅವರೇ ಕಳಸ್ತಾರ. ನೆಟ್ ಬ್ಯಾಂಕಿಂಗ್ ಐತಿ, ಕಾರ್ಡ್ ಐತಿ, ಫೋನಿನ್ಯಾಗ ಒತ್ತೂದೂ ಐತಿ. ಒತ್ತಾಕ ಬರಾವ್ರು ನನ್ನ ಕಡೆ ಯಾಕ ಬರ್ತಾರ್ರಿ?”

ಒಂದು ಚಲನ್‌ಗೆ ಐವತ್ತು ರೂಪಾಯಿ. ಮಾರ್ಚ್ ಮತ್ತು ಜುಲೈನಲ್ಲಿ ದಿನಕ್ಕೆ ಮೂವತ್ತರವರೆಗೂ ಆಗುತ್ತವೆ. ಉಳಿದ ದಿನಗಳಲ್ಲಿ ಮೂರೋ ನಾಲ್ಕೋ. ಆಗ ಪಹಣಿ ತೆಗೆದುಕೊಡುವುದು, ಝೆರಾಕ್ಸ್, ಅರ್ಜಿ ತುಂಬುವುದು. ಅಂಗಡಿ ಬಾಡಿಗೆ ಮೂರು ಸಾವಿರ, ಮೇಲೆ ಕರೆಂಟು, ಪ್ರಿಂಟರಿನ ಶಾಯಿ. ಊರಿನ ತೆರಿಗೆಯೆಲ್ಲ ಇವರ ಬೆರಳ ತುದಿಯಿಂದ ಸರಕಾರಕ್ಕೆ ಹೋಗುತ್ತದೆ, ಆದರೆ ಸ್ವಂತ ಹೆಸರಿನಲ್ಲಿ ತೆರಿಗೆ ಕಟ್ಟುವಷ್ಟು ಆದಾಯ ಇವರಿಗೆ ಒಂದು ವರ್ಷವೂ ಹುಟ್ಟಿಲ್ಲ.

ತವರು ಇಳಕಲ್ಲು, ನೇಕಾರರ ಮನೆ. ಓದಿದ್ದು ಏಳನೆಯ ಇಯತ್ತೆ. ಇಂಗ್ಲಿಷ್ ಅಕ್ಷರ ಕಲಿತದ್ದೇ ಜನರ ಪ್ಯಾನ್ ಕಾರ್ಡುಗಳಿಂದ. ಹಿಂದುಮುಂದಾಗಿ ಓದುವ ರೂಢಿ ಮಾತ್ರ ಮಗ್ಗದ್ದು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುವಾಗ ಅವರವ್ವ ಆ ಕಡೆಯಿಂದೊಮ್ಮೆ, ಈ ಕಡೆಯಿಂದೊಮ್ಮೆ ಎಣಿಸುತ್ತಿದ್ದಳಂತೆ. ಒಂದು ಎಳೆ ತಪ್ಪಿದರೆ ಸೀರೆ ಕೆಡುತ್ತದೆ. ಒಂದು ಅಕ್ಷರ ತಪ್ಪಿದರೆ ಒಬ್ಬನ ದುಡ್ಡು ಇನ್ನೊಬ್ಬನ ಹೆಸರಿಗೆ ಜಮೆಯಾಗುತ್ತದೆ. ಹನ್ನೊಂದು ವರ್ಷದಲ್ಲಿ ಅಂಥದ್ದು ಒಂದೂ ಆಗಿಲ್ಲ.

ಅಂಗಡಿ ಹಾಕಿದ್ದು ಗಂಡ ಶಿವಪುತ್ರ. ಪವರ್‌ಲೂಮಿನ ಅರಳೆಧೂಳು ಕುಡಿದು ಕುಡಿದು ಎದೆ ಹಾಳಾದ ಮೇಲೆ, ಮಗ್ಗ ಬಿಟ್ಟು ಈ ಊರಿಗೆ ಬಂದು ಕಂಪ್ಯೂಟರ್ ಇಟ್ಟ. ಮಾಲೆ ಹಾಕಿದ ಫೋಟೊ ಅವನದು. ಅವನ ಸಾವಿನ ಕಥೆ ಹೇಳಬೇಕೆಂದರೆ ಮೊದಲು ಶುಕ್ರವಾರದ ಕಥೆ ಹೇಳಬೇಕು.

ಈ ಸೀಮೆಯಲ್ಲಿ ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಕೊಡುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲಂತೂ ಯಾವ ವಾರವೂ ಇಲ್ಲ. ಕೊಟ್ಟರೆ ಲಕ್ಷ್ಮಿ ಹೊಸ್ತಿಲು ದಾಟುತ್ತಾಳೆ. ಸರಕಾರಕ್ಕೆ ಈ ಲಕ್ಷ್ಮಿಯ ಪರಿಚಯವಿಲ್ಲ; ಅದರ ಕಡೆಯ ದಿನ ಶುಕ್ರವಾರವೂ ಬೀಳುತ್ತದೆ. ಇದಕ್ಕೆ ವ್ಯಾಪಾರಸ್ಥರು ಕಂಡುಕೊಂಡ ಉಪಾಯವೇ ರತ್ನಾಬಾಯಿ. ಯಾರ ಖಾತೆಯಿಂದ ದುಡ್ಡು ಹೋದರೇನು, ಪ್ಯಾನ್ ನಂಬರ್ ಸರಿಯಿದ್ದರೆ ತೆರಿಗೆ ಅವರ ಹೆಸರಿಗೇ ಸೇರುತ್ತದೆ. ಶುಕ್ರವಾರ ಈಕೆ ತನ್ನ ಖಾತೆಯಿಂದ ಕಟ್ಟಬೇಕು, ಶನಿವಾರ ಅವರು ತಂದುಕೊಡುತ್ತಾರೆ. ಹೀಗೆ ಊರಿನ ಲಕ್ಷ್ಮಿಯರೆಲ್ಲ ತಮ್ಮ ತಮ್ಮ ಮನೆಯಲ್ಲಿ ಬೆಚ್ಚಗೆ ಕೂತರು, ರತ್ನಾಬಾಯಿಯ ಮನೆಯವಳು ಮಾತ್ರ ಅಂಥ ಶುಕ್ರವಾರಗಳಂದೆಲ್ಲ ಹೊರಬಿದ್ದಳು.

“ನಮ್ಮ ಮನ್ಯಾಗ ಲಕ್ಷ್ಮಿ ಎಲ್ಲಿದ್ಳ್ರಿ ಹೋಗಾಕ, ಅಂತ ನಗತಿದ್ದೆ,” ಎನ್ನುತ್ತಾರೆ ಅವರು. ಈಗ ನಗುವುದಿಲ್ಲ.

ಎರಡು ವರ್ಷದ ಹಿಂದಿನ ಮಾರ್ಚ್ ಹದಿನೈದು, ಮುಂಗಡ ತೆರಿಗೆಯ ಕೊನೆಯ ದಿನ, ಶುಕ್ರವಾರ. ಒಬ್ಬ ಸಗಟು ವ್ಯಾಪಾರಿ ಬಂದು ನಲವತ್ತೊಂದು ಸಾವಿರದ ಚೀಟಿ ಇಟ್ಟರು. ಅಷ್ಟು ದೊಡ್ಡ ಮೊತ್ತ ಹಿಂದೆಂದೂ ಕಟ್ಟಿರಲಿಲ್ಲ. ಖಾತೆಯಲ್ಲಿದ್ದದ್ದು ನಲವತ್ಮೂರು ಸಾವಿರದ ಆರುನೂರು, ಶಿವಪುತ್ರನ ದವಾಖಾನೆಗೆಂದು ಕೂಡಿಟ್ಟದ್ದು. ನಾಳೆ ಮುಂಜಾನೆ ಅಂದರೆ ನಾಳೆ ಮುಂಜಾನೆ ಎಂದು ಅವರು ಮಾತು ಕೊಟ್ಟರು. ಇವರು ಕಟ್ಟಿದರು. ಮರುದಿನ ಮಧ್ಯಾಹ್ನ ಶಿವಪುತ್ರನಿಗೆ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಒಳಗೆ ಸೇರಿಸಿಕೊಳ್ಳಲು ಮೂವತ್ತು ಸಾವಿರ ಮುಂಗಡ ಕೇಳಿದರು. ವ್ಯಾಪಾರಿ ಹುಬ್ಬಳ್ಳಿಯಲ್ಲಿ ಮದುವೆಗೆ ಹೋಗಿದ್ದರು, ಫೋನ್ ಎತ್ತಲಿಲ್ಲ. ರತ್ನಾಬಾಯಿ ಓಣಿ ಓಣಿ ತಿರುಗಿ ದುಡ್ಡು ಕೇಳುವಷ್ಟರಲ್ಲಿ ಸಂಜೆಯಾಗಿ ದೀಪ ಹಚ್ಚಿದ್ದರು. ದೀಪ ಹಚ್ಚಿದ ಮೇಲೆ ಕೊಡುವವರು ಯಾರು? ಭಾನುವಾರ ಬೆಳಗ್ಗೆ ಶಿವಪುತ್ರ ಹೋದ.

“ಮೊದಲ ಸೇರಿಸಿದ್ರೂ ಉಳೀತಿದ್ರು ಅಂತ ಹೇಳಾಕ ಬರೂದಿಲ್ಲ ಅಂದ್ರು ಡಾಕ್ಟರ್,” ಎಂದು ರತ್ನಾಬಾಯಿ ಪ್ರಿಂಟರಿಗೆ ಹಾಳೆ ತುಂಬುತ್ತಾರೆ. “ಸಾಹುಕಾರ್ರು ಮೋಸ ಮಾಡಲಿಲ್ರಿ. ಮಣ್ಣು ಕೊಟ್ಟ ಮೂರನೇ ದಿನಕ್ಕ ಬಂದು, ನಲವತ್ತೊಂದು ಸಾವಿರ ಎಣಿಸಿ ಕೊಟ್ಟು ಹೋದ್ರು. ಮ್ಯಾಲೆ ಐವತ್ತು ರೂಪಾಯಿನೂ ಕೊಟ್ರು.”

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಇಸ್ಕೊಂಡವನು ಮರಳಿ ಕೊಟ್ಟಿದ್ದಾನಲ್ಲ! ಸಿಟ್ಟು ಮಾಡಲಿಕ್ಕೂ ಆಕೆಗೆ ಯಾರನ್ನೂ ಉಳಿಸದೆ ಹೋದ ಸಾವು ಇದು. ಅಂದಿನಿಂದ ಅವರು ಶುಕ್ರವಾರ ಯಾರ ತೆರಿಗೆಯನ್ನೂ ತಮ್ಮ ದುಡ್ಡಿನಲ್ಲಿ ಕಟ್ಟಿಲ್ಲ. ರತ್ನಾಬಾಯಿಗೆ ಸೊಕ್ಕು ಬಂದಿದೆ ಎಂದು ಕೆಲವರು ಬೇರೆ ಅಂಗಡಿಗೆ ಹೋದರು. ಯಾಕೆ ಕಟ್ಟುವುದಿಲ್ಲವೆಂದು ಅವರು ಯಾವ ಗಿರಾಕಿಗೂ ಹೇಳಿಲ್ಲ.

ಇಂದೂ ಶುಕ್ರವಾರ. ಆರೂವರೆಗೆ ಶಟರಿನ ಕೆಳಗೆ ಎರಡು ಮುದಿ ಪಾದ ಕಾಣುತ್ತವೆ. ಎಪ್ಪತ್ನಾಲ್ಕರ ಅಂದಪ್ಪ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನ ಭಾಗದಲ್ಲಿ ಮನೆಯಿದ್ದವರು. ಮನೆಗೆ ಕೊಟ್ಟ ಪರಿಹಾರ ಕಡಿಮೆಯಾಯಿತೆಂದು ಕೋರ್ಟಿಗೆ ಹೋಗಿ, ವರ್ಷಾನುಗಟ್ಟಲೆ ಅಲೆದು, ಕಡೆಗೆ ಬಡ್ಡಿಸಮೇತ ಪಡೆದರು. ಆ ಬಡ್ಡಿಗೆ ತೆರಿಗೆ ಉಂಟೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತೇಳು ಸಾವಿರದ ಮುನ್ನೂರು ಕಟ್ಟಿರೆಂದು ಬಂದ ನೋಟಿಸು ಮೊಮ್ಮಗಳು ಐಶ್ವರ್ಯಳ ಮೇಲ್‌ನಲ್ಲಿ ತಿಂಗಳು ಮಲಗಿತ್ತು. ಅವಳು ನೋಡಿದ್ದು ನಿನ್ನೆ ಸಂಜೆ, ದೀಪ ಹಚ್ಚಿದ ಮೇಲೆ. ಕೊನೆಯ ದಿನ ಇಂದು. ತಪ್ಪಿದರೆ ತಿಂಗಳು ತಿಂಗಳು ಬಡ್ಡಿ ಏರುತ್ತದೆ, ಖಾತೆಗೇ ತಡೆ ಬಿದ್ದರೂ ಬಿತ್ತು. ಅವಳ ನರ್ಸಿಂಗ್ ಕಾಲೇಜಿನ ಫೀ ಇರುವುದು ಅದೇ ಖಾತೆಯಲ್ಲಿ.

“ತಂಗಿ, ಇವತ್ತು ನೀ ತುಂಬಿಬಿಡು. ನಾಳೆ ಹೊತ್ತು ಮೂಡೂದ್ರಾಗ ರೊಕ್ಕ ತಂದು ಕೊಡ್ತೇನಿ.”

“ಆಗೂದಿಲ್ರಿ ಕಾಕಾ.”

“ನಂಬಿಕಿ ಇಲ್ಲೇನ ನನ್ನ ಮ್ಯಾಲೆ?”

ರತ್ನಾಬಾಯಿ ಪರದೆಯ ಕಡೆ ತಿರುಗುತ್ತಾರೆ. ಆಮೇಲೆ, ಎರಡು ವರ್ಷ ಯಾವ ಗಿರಾಕಿಗೂ ಹೇಳದ್ದನ್ನು, ತಲೆ ತಿರುಗಿಸದೆ ಹೇಳುತ್ತಾರೆ: “ಹಿಂಗ ಒಂದು ಶುಕ್ರವಾರ ತುಂಬಿದ್ದೆ ಕಾಕಾ. ನಮ್ಮ ಮನಿಯವರ ದವಾಖಾನಿ ರೊಕ್ಕ ಅದು. ಮರುದಿನ ಬೇಕಾತು, ಇರಲಿಲ್ಲ.”

ಅಂದಪ್ಪ ಮಾಲೆ ಹಾಕಿದ ಫೋಟೊ ನೋಡುತ್ತಾರೆ. ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಓಣಿಯಲ್ಲಿ ಚಹದಂಗಡಿಯವನು ಒಲೆ ಹೊತ್ತಿಸಿದ ಸದ್ದು ಕೇಳುತ್ತದೆ.

“ಸಹಿ ಮಾಡೂ ಫಾರ್ಮ್ ತಗಿ ತಂಗಿ, ನನ್ನ ಖಾತಿಂದನ ತುಂಬ್ತೇನಿ,” ಎನ್ನುತ್ತಾರೆ ಕಡೆಗೆ. “ಶುಕ್ರವಾರ ಲಕ್ಷ್ಮಿ ಹೊಸ್ತಿಲಾ ದಾಟಬಾರದು ಅಂತ ಎಪ್ಪತ್ತು ವರ್ಷ ಪಾಲಿಸಿದೆ. ಹೊಸ್ತಿಲಾನ ನೀರಾಗ ಹೋತು. ಇನ್ನ ಯಾವ ಹೊಸ್ತಿಲಾ ದಾಟ್ತಾಳ ಅಕಿ?”

ರತ್ನಾಬಾಯಿ ಅವರ ಪ್ಯಾನ್ ನಂಬರನ್ನು ಹಿಂದಿನಿಂದ ಓದುತ್ತಾರೆ, ಮುಂದಿನಿಂದ ಓದುತ್ತಾರೆ. ಅಕ್ಷರ ತಪ್ಪುವುದಿಲ್ಲ. ಹತ್ತು ಗಂಟೆಗೆ ಶಟರ್ ಎಳೆದು, ಗಿರಾಕಿಗಳನ್ನು ಬಿಟ್ಟು, ಮುದುಕನ ಜೊತೆ ತಾವೇ ಬ್ಯಾಂಕಿಗೆ ನಡೆಯುತ್ತಾರೆ. ಅಂದಪ್ಪ ಸಹಿ ಮಾಡಿ ಫಾರ್ಮನ್ನು ಕೌಂಟರಿನಲ್ಲಿ ಕೊಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರಸೀದಿ ಬರುತ್ತದೆ. ಅವರು ಕೊಡಲು ಬಂದ ಐವತ್ತು ರೂಪಾಯಿಯನ್ನು ರತ್ನಾಬಾಯಿ ಮುಟ್ಟುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಗಂಡನ ಫೋಟೊದ ಧೂಳು ಒರೆಸುತ್ತ ನಿಲ್ಲುತ್ತಾರೆ.

“ದೊಡ್ಡದೇನಿಲ್ರಿ. ಶುಕ್ರವಾರ ಅವರವರ ರೊಕ್ಕ ಅವರವರೇ ಕೊಡಬೇಕು,” ಎನ್ನುತ್ತಾರೆ. “ಕಾಕಾ ಇವತ್ತು ಅಂದ ಮಾತು ಅವತ್ತ ಒಬ್ಬರಾದ್ರೂ ಅಂದಿದ್ರ ಆಗತಿತ್ತು.”