ಮೊಳೆ ಬಂದೂಕಿಗೆ ತೆಂಗಿನೆಣ್ಣೆ

ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನಮ್ಮ ಮೇಷ್ಟ್ರು ಕಲಿಸಿದ ಮೊದಲ ಪಾಠ: ಎದುರಾಳಿಯ ತೀರ್ಮಾನದ ತಂಟೆಗೆ ಹೋಗಬೇಡ, ಅವನು ಕೊಡುವ ಕಾರಣವನ್ನು ಮುರಿ. ಕಾಲೇಜಿನಲ್ಲಿ ನಾನು ಎರಡು ಕಪ್ ಗೆದ್ದದ್ದು ಹೀಗೆ. ಬೈಕುಲ್ಲಾದಲ್ಲಿ ಒಬ್ಬ ಮೇಸ್ತ್ರಿಯ ಎಡಗೈ ಕೆಡಿಸಿದ್ದೂ ಹೀಗೆಯೇ.

ಅಲ್ಲಿಯ ಕಾರ್ಖಾನೆ ನನ್ನ ಸೋದರಮಾವನದು. ಉಡುಪಿ ಕಡೆಯಿಂದ ಮುಂಬಯಿಗೆ ಬಂದ ನಮ್ಮವರೆಲ್ಲ ಹೋಟೆಲು ಇಟ್ಟರೆ, ಮಾವ ಮರದ ಪೆಟ್ಟಿಗೆ ಮಾಡಿಸುತ್ತಿದ್ದರು. ಹಡಗಿನಲ್ಲಿ ಹೋಗುವ ಯಂತ್ರಗಳಿಗೆ ಆಳೆತ್ತರದ ಪೆಟ್ಟಿಗೆ: ಮೊದಲು ದಪ್ಪ ರೀಪುಗಳ ಚೌಕಟ್ಟು, ಅದರ ಮೇಲೆ ಹಲಗೆ. ಸುತ್ತಿಗೆ ಹಿಡಿಯುವವರು ಐದು ಜನ. ಅವರಲ್ಲಿ ಹಿರಿಯರು ಈ ಮೇಸ್ತ್ರಿ, ವಿಜಾಪುರದ ಕಡೆಯವರು, ಧಾರಾವಿಯಲ್ಲಿ ಮನೆ, ಐವತ್ತು ದಾಟಿದ ವಯಸ್ಸು. ಬಾಯಿ ತುಂಬ ಮೊಳೆ ಇಟ್ಟುಕೊಂಡು, ನಾಲಿಗೆಯಲ್ಲೇ ಹೊರಳಿಸಿ, ಒಂದೊಂದನ್ನೇ ತುಟಿಗೆ ತರುತ್ತಿದ್ದರು. ಎಡಗೈ ತೆಗೆದುಕೊಳ್ಳುವುದು, ಬಲಗೈ ಹೊಡೆಯುವುದು, ಎರಡೇ ಏಟು. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಅವರು ಮಾತಾಡುವಂತಿರಲಿಲ್ಲ. ನನಗೆ ಅದು ಅನುಕೂಲವಾಗಿತ್ತು. ಸಂಜೆ ಲಾ ಕಾಲೇಜು, ಹಗಲೆಲ್ಲ ಮಾವನ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ನನಗೆ ಕೇಳುವ ಕಿವಿಗಳು ಬೇಕಿದ್ದವು, ಬಾಯಿಗಳು ಬೇಕಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಬಂದರಿನ ಹತ್ತಿರ ವಿಲಾಯಿತಿ ಸಾಮಾನು ಮಾರುವ ಅಂಗಡಿಯೊಂದಕ್ಕೆ ಎರಡು ಮೊಳೆ ಬಂದೂಕು ಬಂದಿವೆಯೆಂದು ಮಾವನಿಗೆ ಸುದ್ದಿ ಸಿಕ್ಕಿತು. ಪೈಪಿನಲ್ಲಿ ಬರುವ ಗಾಳಿಯ ಒತ್ತಡಕ್ಕೆ ಮೊಳೆ ಒಂದೇ ಏಟಿಗೆ ಮರದೊಳಗೆ ಹೋಗುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು. ಮೇಸ್ತ್ರಿಯೂ ಸೇರಿ ನಾವು ಮೂವರೂ ಹೋದೆವು. ಮೇಸ್ತ್ರಿ ಎರಡನ್ನೂ ಒಂದೊಂದಾಗಿ ಎತ್ತಿ, ತೋಳು ಚಾಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು.

"ಸಣ್ಣದು ಛಲೋ ಐತ್ರಿ ಸಾವ್ಕಾರ್ರ. ದೊಡ್ಡದು ಮೂತಿ ಕಡೆ ಜಗ್ತೈತಿ. ಮಧ್ಯಾಹ್ನ ಆಗೂದ್ರಾಗ ಕೈ ಸೋಲ್ತಾವು."

"ಕೈ ಸೋತರೆ ಅದು ಮಿಶಿನ್ನಿನ ದೋಷವೋ, ಕೈಯ ದೋಷವೋ?" ಎಂದೆ.

ಮಾವ ನಕ್ಕರು. ದೊಡ್ಡದು ಬಂತು. ಜತೆಗೆ ಗಾಳಿ ತುಂಬುವ ಪಂಪು, ಅದರ ಟಾಕಿ, ಮೊಳೆಗಳ ಪೆಟ್ಟಿಗೆಗಳು, ಒಂದು ಡಬ್ಬಿ ಎಣ್ಣೆ, ಇಂಗ್ಲಿಷಿನಲ್ಲಿ ಒಂದು ಸಣ್ಣ ಪುಸ್ತಕ. ಆ ವಾರವೇ ಮಾವ ನಾಲ್ಕು ಸುತ್ತಿಗೆಯವರನ್ನು ಕೆಲಸದಿಂದ ಬಿಡಿಸಿದರು. ಐದನೆಯವರಿಗೆ ಹೇಳಿದರು:

"ಮೇಸ್ತ್ರಿ, ಇದನ್ನು ನಡೆಸ್ಲಿಕ್ಕೆ ಆದ್ರೆ ಇರಿ. ಹಾಳು ಮಾಡಿದ್ರೆ ನಿಮಗೂ ದಾರಿ ಅದೇ, ಆಯ್ತಾ?"

ಮೇಸ್ತ್ರಿ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿ, ಅಂಗಿಗೆ ಒರೆಸಿ, ಡಬ್ಬಿಗೆ ಹಾಕಿದರು. "ಕಲೀತೀನ್ರಿ."

ಎಂಟು ದಿನಕ್ಕೆ ಕಲಿತರು. ಇಂಗ್ಲಿಷ್ ಬಾರದು, ಆದ್ದರಿಂದ ಪುಸ್ತಕವನ್ನು ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಬಾಯಿಪಾಠ ಮಾಡುವುದು. ದಿನಾ ಬೆಳಗ್ಗೆ ಗಾಳಿ ಟಾಕಿಯ ನೀರು ಬಸಿಯಬೇಕು. ಗಾಳಿ ಒಳಹೋಗುವ ತೂತಿಗೆ ನಾಲ್ಕು ಹನಿ ಎಣ್ಣೆ ಬಿಡಬೇಕು. ಸ್ಕ್ರೂ ಬಿಗಿ ನೋಡಬೇಕು. ಬಂದೂಕು ಕೈಕೊಟ್ಟರೆ ಮೊದಲು ಪೈಪ್ ಬಿಡಿಸಬೇಕು, ಆಮೇಲೆ ಬೇರೆ ಮಾತು. ಎಲ್ಲವನ್ನೂ ತಪ್ಪದೆ ಮಾಡುತ್ತಿದ್ದರು. ದಸರೆಗೆ ಅದರ ಹಿಡಿಗೆ ಕುಂಕುಮ ಹಚ್ಚಿದ್ದರು. ನಾನು ಅವರ ಎದುರಿನಲ್ಲೇ ಒರೆಸಿ ಹಾಕಿದೆ. "ಪುಸ್ತಕದಲ್ಲಿ ಕುಂಕುಮ ಬರೆದಿಲ್ಲ ಮೇಸ್ತ್ರಿ."

ಡಿಸೆಂಬರಿನಲ್ಲಿ ಎಣ್ಣೆ ಮುಗಿಯಿತು. ಎದುರಿನ ಅಂಗಡಿಯಿಂದ ಹೊಲಿಗೆ ಮಿಶಿನ್ನಿನ ಎಣ್ಣೆ ತರೋಣವೆಂದರು ಮೇಸ್ತ್ರಿ. ಊರಿನಿಂದ ಬಂದ ತೆಂಗಿನೆಣ್ಣೆಯೇ ಡಬ್ಬಿಗಟ್ಟಲೆ ಇರುವಾಗ ಇನ್ನೊಂದು ಯಾಕೆ ಎಂದರು ಮಾವ. ನಾನು ಪುಸ್ತಕ ತೆರೆದೆ. ತೆಳುವಾದ ಖನಿಜ ತೈಲ ಮಾತ್ರ, ಸಸ್ಯದ ಎಣ್ಣೆ ಕೂಡದು ಎಂದು ಸ್ಪಷ್ಟವಾಗಿ ಇತ್ತು. ಮನಸ್ಸಿನಲ್ಲೇ ಓದಿಕೊಂಡೆ. ಬರೆದವನು ಜನ್ಮದಲ್ಲಿ ತೆಂಗಿನಮರ ನೋಡಿರಲಾರ ಅನಿಸಿತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ತೆಂಗಿನೆಣ್ಣೆ ಆಗುತ್ತದೆ," ಎಂದೆ.

"ಬ್ಯಾಡ್ರಿ ವಕೀಲ್ರ," ಎಂದರು ಮೇಸ್ತ್ರಿ. ನಾನು ಇನ್ನೂ ವಕೀಲನಾಗಿರಲಿಲ್ಲ. ಅವರು ಚುಚ್ಚುತ್ತಿದ್ದದ್ದು ಇಷ್ಟೇ. "ಕೊಬ್ಬರಿ ಎಣ್ಣಿ ಥಂಡಿ ಗುಣದ್ದು. ಈ ದಿನದಾಗ ಹಾಕಬಾರ್ದು."

"ಎಣ್ಣೆಯ ಗುಣ ಎಲ್ಲಿರುತ್ತದೆ? ಡಬ್ಬಿಯ ತಳದಲ್ಲೋ, ಮೇಲೋ?"

"ಹಂಗಲ್ರಿ. ತಲಿಗೆ ಹಚ್ಚಿದ್ರ ಥಂಡಿ ಆಗೂದಿಲ್ಲೇನ್ರಿ?"

"ಅಂದರೆ ಬಂದೂಕಿಗೆ ನೆಗಡಿಯಾಗುತ್ತದೆ?"

ಮಾವನಿಗೆ ಹೊಟ್ಟೆ ಕುಲುಕುವಷ್ಟು ನಗು. "ಸಾಕು ಮಾರಾಯ, ಪಾಪ, ಬಿಡು."

ಮೇಸ್ತ್ರಿ ಬಿಡಲಿಲ್ಲ. "ಮುಂಜಾನೆ ಬಾಟ್ಲ್ಯಾಗ ಗಟ್ಟಿ ಆಗಿರ್ತೈತಿ, ನೋಡಿಲ್ಲೇನ್ರಿ?"

ನೋಡಿದ್ದೆ. ಅತ್ತೆ ಚಳಿಗಾಲವಿಡೀ ಎಣ್ಣೆಯ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಇಡುತ್ತಿದ್ದರು. ಅವತ್ತು ಬೆಳಗ್ಗೆಯೂ ಕರಗುವವರೆಗೆ ಕಾದು ತಲೆಗೆ ಹಚ್ಚಿಕೊಂಡು ಬಂದಿದ್ದೆ.

"ಬಾಟಲಿ ಸುಮ್ಮನೆ ಕೂತಿರುತ್ತದೆ. ಮಿಶಿನ್ ದುಡಿಯುತ್ತದೆ. ದುಡಿಯುವುದು ಬಿಸಿಯಾಗುತ್ತದೋ, ತಣ್ಣಗಾಗುತ್ತದೋ?"

"ನನ್ನ ಕೈಗೆ ತಣ್ಣಗs ಹತ್ತತೈತ್ರಿ."

"ನಿಮ್ಮ ಕೈ ಥರ್ಮಾಮೀಟರೋ?"

ಮೇಸ್ತ್ರಿ ತಮ್ಮ ಕೈ ನೋಡಿಕೊಂಡರು. ಚರ್ಚೆ ಮುಗಿಯಿತು. ಒತ್ತಿಟ್ಟ ಗಾಳಿ ಒಮ್ಮೆಗೇ ಹಿಗ್ಗಿದಾಗ ತಣ್ಣಗಾಗುತ್ತದೆ ಎಂಬುದನ್ನು ನಾನು ಇಂಟರ್‌ಮೀಡಿಯೆಟ್ಟಿನಲ್ಲಿ ಓದಿ ಪಾಸಾಗಿದ್ದೆ. ಅವರು ದಿನವಿಡೀ ಅದನ್ನು ಅಂಗೈಯಲ್ಲಿ ಹಿಡಿದಿರುತ್ತಿದ್ದರು. ಸೋತವರು ಅವರು.

ಎರಡು ವಾರ ಬಂದೂಕು ಚೆನ್ನಾಗಿಯೇ ಓಡಿತು, ನಾನು ದಿನಾ ಅದನ್ನು ಅವರಿಗೆ ಎತ್ತಿ ತೋರಿಸಿದೆ. ಜನವರಿಯಲ್ಲಿ ಚಳಿ ಬಿತ್ತು. ಲೋಕಲ್ ರೈಲಿನಲ್ಲಿ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡು ಬರುವಂಥ ಒಂದು ಬೆಳಗ್ಗೆ, ಮೇಸ್ತ್ರಿ ಬಂದೂಕಿನ ಮೂತಿಯನ್ನು ರೀಪಿಗೆ ಒತ್ತಿ ಕುದುರೆ ಎಳೆದರು. ಹೊಡೆಯಲಿಲ್ಲ. ಬೆರಳು ತೆಗೆದರು. ಅಷ್ಟರಲ್ಲಿ ರೀಪು ಜಾರಿತು, ಅದನ್ನು ಹಿಡಿಯಲು ಎಡಗೈ ತಾನಾಗಿಯೇ ಮೂತಿಯ ಮುಂದೆ ಹೋಯಿತು. ಆಗ ಹೊಡೆಯಿತು.

ಕೈ ರೀಪಿಗೆ ಅಂಟಿಕೊಂಡಿತ್ತು. ಮೊಳೆಯ ತಲೆ ಅಂಗೈ ಹಿಂಭಾಗದಲ್ಲಿ, ಗುಂಡಿಯ ಹಾಗೆ.

"ವಕೀಲ್ರ, ಪೈಪ್ ಬಿಡಸ್ರಿ. ಮೊದಲ ಪೈಪ್."

ನನ್ನ ಬೆರಳುಗಳಿಗೆ ಅದು ಬರಲಿಲ್ಲ. ಅವರೇ ಬಲಗೈಯಲ್ಲಿ ಬಿಡಿಸಿದರು. ಮಾವ ಓಡಿಬಂದು ಮೊಳೆ ಕೀಳುವಾಗ, "ಅಳ್ಳಾಡಸಬ್ಯಾಡ್ರಿ, ನೆಟ್ಟಗ ಜಗ್ಗರಿ" ಎಂದು ಹೇಳಿಕೊಟ್ಟವರೂ ಅವರೇ. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ.

ಮೂರು ವಾರದ ಮೇಲೆ ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಬಂದರು. ಎರಡು ಬೆರಳು ಮಡಚುತ್ತಿರಲಿಲ್ಲ. ಮಿಶಿನ್ನಿನ ದೋಷವಾದರೆ ಮಾವ ಅವರನ್ನು ಇಟ್ಟುಕೊಳ್ಳಲೇಬೇಕು, ಕಾವಲಿಗಾದರೂ ಸರಿ. ಅವರದೇ ತಪ್ಪಾದರೆ ಹೊರಗೆ. ಮಾವ ನನ್ನ ಕಡೆ ನೋಡಿ, "ನೀನು ಕೇಳು," ಎಂದರು.

"ಬಂದೂಕು ಹೊಡೆಯದಿದ್ದಾಗ ಪೈಪ್ ಬಿಡಿಸಿದಿರಾ?"

"ಇಲ್ರಿ. ರೀಪ್ ಜಾರ್ತು..."

"ಹೌದೋ ಇಲ್ಲವೋ?"

"ಇಲ್ರಿ."

"ಬಿಡಿಸಬೇಕು ಎಂದು ನಾನು ಹೇಳಿದ್ದೆನೋ?"

"ಹೇಳಿದ್ರಿ."

"ಕೈ ಮೂತಿಯ ಮುಂದೆ ಇಟ್ಟವರು ಯಾರು?"

ಮೇಸ್ತ್ರಿ ಮೇಜಿನ ಮೇಲಿದ್ದ ಪುಸ್ತಕವನ್ನು ಸರಿಯಿದ್ದ ಕೈಯಿಂದ ನನ್ನ ಕಡೆ ತಳ್ಳಿದರು. "ಎಣ್ಣಿದು ಏನ್ ಬರದೈತಿ? ಅದೊಂದು ಓದ್ರಿ ಸಾಕು. ನೀವು ಓದಿದ್ದು ಖರೇ ಅಂತ ತಿಳ್ಕೊಂಡು ಹೋಗ್ತೀನಿ."

ಮಾವನಿಗೂ ಇಂಗ್ಲಿಷ್ ಅಂಕಿಗಳ ಆಚೆಗೆ ಬರುತ್ತಿರಲಿಲ್ಲ. ನಾನು ಆ ಪುಟವನ್ನೇ ತೆರೆದೆ, ಆ ಸಾಲಿನ ಕೆಳಗೇ ಬೆರಳಿಟ್ಟೆ. "ಶುದ್ಧವಾದ ತೆಳು ಎಣ್ಣೆ ಹಾಕತಕ್ಕದ್ದು," ಎಂದು ಓದಿದೆ. "ಅಷ್ಟೇ."

ಮೇಸ್ತ್ರಿ ನನ್ನ ಬೆರಳನ್ನು ನೋಡಿದರು. ಆ ಸಾಲು ಉದ್ದವಿತ್ತು. ನಾನು ಓದಿದ್ದು ಗಿಡ್ಡ. ಅಕ್ಷರ ಬಾರದವರಿಗೂ ಅಷ್ಟು ಕಾಣುತ್ತದೆ. ಆದರೆ ಕಂಡದ್ದಕ್ಕೆ ಕಾರಣ ಕೊಡಬೇಕಲ್ಲ. ಕೊಟ್ಟರೆ ನಾನು ಮುರಿಯುತ್ತೇನೆಂದು ಅವರಿಗೆ ಗೊತ್ತಿತ್ತು. ಗೋಡೆಯ ಮೇಲಿದ್ದ ತಮ್ಮ ಸುತ್ತಿಗೆ ತೆಗೆದು, ಚೀಲಕ್ಕೆ ಹಾಕಿಕೊಂಡು, ಟ್ರಾಮಿನ ರಸ್ತೆಯ ಕಡೆ ನಡೆದರು.

ಮಾರನೆಯ ದಿನ ನಾನು ಬಂದೂಕು ಬಿಚ್ಚಿದೆ. ಒಳಗೆಲ್ಲ ಬೆಣ್ಣೆಯ ಹಾಗೆ ಬಿಳಿಯ ಉಂಡೆಗಳು. ಚಿಮಣಿ ಎಣ್ಣೆಯಲ್ಲಿ ತೊಳೆದು, ಎದುರಿನ ಅಂಗಡಿಯಿಂದ ಹೊಲಿಗೆ ಮಿಶಿನ್ನಿನ ಎಣ್ಣೆ ತಂದು ನಾಲ್ಕು ಹನಿ ಬಿಟ್ಟೆ. ಮಾವನ ಎದುರಿಗೆ ಹತ್ತು ಮೊಳೆ ಹೊಡೆದು ತೋರಿಸಿದೆ. ಒಂದೂ ತಪ್ಪಲಿಲ್ಲ.

"ನೋಡು ಮಾರಾಯ," ಎಂದರು ಮಾವ. "ಆ ಮನುಷ್ಯ ಹೋದದ್ದೇ ಹೋದದ್ದು, ಮಿಶಿನ್ ಸರಿಯಾಯ್ತು."

"ಹೌದು ಮಾವ," ಎಂದೆ.